ವಜ್ರದುಂಗುರದ ಕಟ್ಟು: ಅಂದಕ್ಕೂ ಮೊದಲು ಲೆಕ್ಕ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಆಭರಣ ವ್ಯಾಪಾರವು ಅಡಿಕೆಯ ಕೊಯ್ಲನ್ನು ಅನುಸರಿಸಿ ಏರಿಳಿಯುತ್ತದೆ. ಮಾಲು ಮಾರುಕಟ್ಟೆ ಸೇರಿ ಹಣ ಕೈಗೆ ಬಂದ ಮೇಲೆಯೇ ಮದುವೆ, ಉಪನಯನಗಳ ಖರೀದಿ ಆರಂಭವಾಗುವುದು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಪೇಟೆಯ ಓಡಾಟ ಮತ್ತಷ್ಟು ಹೆಚ್ಚುತ್ತದೆ. ಈ ಭಾಗದ ಮನೆಗಳಲ್ಲಿ ವಜ್ರವೆಂದರೆ ಬಹುಕಾಲ ಮೂಗುತಿ ಮತ್ತು ಬೆಂಡೋಲೆ ಎಂದೇ ಅರ್ಥವಿತ್ತು. ನಿಶ್ಚಿತಾರ್ಥಕ್ಕೆ ವಜ್ರದುಂಗುರ ತೊಡಿಸುವ ರೂಢಿ ಈಚಿನದು. ಹೊಸ ರೂಢಿಯಾದುದರಿಂದ ಅದರ ಬಗ್ಗೆ ಕೇಳಬೇಕಾದ ಪ್ರಶ್ನೆಗಳೂ ಇನ್ನೂ ರೂಢಿಗೆ ಬಂದಿಲ್ಲ. ಕೊಳ್ಳುವವರು ಹರಳು ಎಷ್ಟು ದೊಡ್ಡದು, ಬೆಲೆ ಎಷ್ಟು ಎಂದು ಕೇಳುತ್ತಾರೆ. ಆ ಹರಳನ್ನು ಚಿನ್ನ ಹೇಗೆ ಹಿಡಿದುಕೊಂಡಿದೆ ಎಂದು ಕೇಳುವವರು ವಿರಳ. ತಾವಾಗಿ ಹೇಳುವ ವರ್ತಕರು ಇನ್ನೂ ವಿರಳ.

ಹರಳನ್ನು ಚಿನ್ನದಲ್ಲಿ ಕೂರಿಸುವ ಕ್ರಮಕ್ಕೆ ಕಟ್ಟು ಎಂದು ಹೆಸರು. ಇದು ಬರಿಯ ಅಂದದ ವಿಷಯವೆಂಬ ಭಾವನೆ ವರ್ತಕರಲ್ಲಿಯೂ ಇದೆ. ವಾಸ್ತವದಲ್ಲಿ ಹರಳು ಎಷ್ಟು ಕಾಲ ಉಂಗುರದಲ್ಲಿ ಉಳಿಯುತ್ತದೆ, ನಾಳೆ ಅದನ್ನು ಪರೀಕ್ಷಿಸಲು ಸಾಧ್ಯವೇ, ಮಾರುವಾಗ ಅಥವಾ ಅಡವಿಡುವಾಗ ಎಷ್ಟು ಹಣ ಮರಳುತ್ತದೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಕಟ್ಟಿನಲ್ಲಿದೆ. ಮೂರೂ ಲೆಕ್ಕದ ಪ್ರಶ್ನೆಗಳೇ. ಆದುದರಿಂದ ಕಟ್ಟಿನ ಆಯ್ಕೆಯನ್ನು ಗ್ರಾಹಕರ ರುಚಿಗೆ ಬಿಟ್ಟು ವರ್ತಕರು ಸುಮ್ಮನಿರುವುದು ಸರಿಯಲ್ಲ. ಯಾವ ಕಟ್ಟು ಎಂದು ವಿವರಿಸಿ, ಅದನ್ನು ಬಿಲ್ಲಿನಲ್ಲಿ ಬರೆದು, ಅದರ ಪಾಲನೆಯ ಹೊಣೆಯನ್ನೂ ಹೊರುವುದು ಸಣ್ಣ ಪಟ್ಟಣದ ವರ್ತಕರ ಕರ್ತವ್ಯವೂ ಹೌದು, ಅವರ ವ್ಯಾಪಾರಕ್ಕೆ ರಕ್ಷೆಯೂ ಹೌದು.

ಕೈಯ ಕೆಲಸಕ್ಕೆ ತಕ್ಕ ಕಟ್ಟು

ಇಂದು ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಕೊಕ್ಕೆಯ ಕಟ್ಟು. ಚಿನ್ನದ ನಾಲ್ಕು ಅಥವಾ ಆರು ಸಣ್ಣ ಕೊಕ್ಕೆಗಳು ಹರಳನ್ನು ಉಂಗುರದ ಬಳೆಯಿಂದ ಮೇಲೆತ್ತಿ ಹಿಡಿಯುತ್ತವೆ. ವ್ಯಾಪಾರದಲ್ಲಿ ಇದನ್ನು ಪ್ರಾಂಗ್ ಅಥವಾ ಓಪನ್ ಸೆಟ್ಟಿಂಗ್ ಎನ್ನುತ್ತಾರೆ. ನ್ಯೂಯಾರ್ಕಿನ ಟಿಫನಿ ಸಂಸ್ಥೆ 1886ರಲ್ಲಿ ಆರು ಕೊಕ್ಕೆಗಳ ಉಂಗುರವನ್ನು ಮಾರುಕಟ್ಟೆಗೆ ತಂದ ಮೇಲೆ ಈ ಮಾದರಿ ಜಗತ್ತಿನೆಲ್ಲೆಡೆ ಹಬ್ಬಿತು. ಹರಳಿಗೆ ಎಲ್ಲ ಕಡೆಯಿಂದ ಬೆಳಕು ಸಿಗುವುದರಿಂದ ಹೊಳಪು ಹೆಚ್ಚು, ತೊಳೆಯುವುದೂ ಸುಲಭ. ಆದರೆ ಎತ್ತರಕ್ಕೆ ನಿಂತ ಕೊಕ್ಕೆ ಸೀರೆಯ ಸೆರಗಿಗೂ ಗೋಣಿಚೀಲದ ದಾರಕ್ಕೂ ಸಿಕ್ಕಿಕೊಳ್ಳುತ್ತದೆ. ವರ್ಷಗಳ ಬಳಕೆಯಲ್ಲಿ ಅದರ ತುದಿ ಸವೆಯುತ್ತದೆ. ನಾಲ್ಕು ಕೊಕ್ಕೆಗಳಲ್ಲಿ ಒಂದು ಮುರಿದರೆ ಹರಳು ಬೀಳುವ ಸಂಭವ ಹೆಚ್ಚು; ಆರರಲ್ಲಿ ಒಂದು ಹೋದರೂ ಉಳಿದ ಐದು ಕೆಲಕಾಲ ಕಾಪಾಡುತ್ತವೆ.

ಹರಳಿನ ಸುತ್ತಲೂ ಚಿನ್ನದ ತೆಳುವಾದ ಗೋಡೆ ಎಬ್ಬಿಸಿ, ಅದರ ಅಂಚನ್ನು ಹರಳಿನ ಮೇಲೆ ಮಡಿಸುವುದು ಎರಡನೆಯ ಕ್ರಮ. ಇದಕ್ಕೆ ಬೆಜಲ್ ಎಂದು ಹೆಸರು. ಹೊಳಪು ಸ್ವಲ್ಪ ತಗ್ಗಿದರೂ ಭದ್ರತೆ ಅಧಿಕ. ವಜ್ರವು ಗಡಸುತನದ ಮೋಸ್ ಮಾಪಕದಲ್ಲಿ 10ನೆಯ ಸ್ಥಾನದಲ್ಲಿದ್ದರೂ ಪೆಟ್ಟಿಗೆ ಒಡೆಯದ ವಸ್ತುವಲ್ಲ. ಕೆಲವು ದಿಕ್ಕುಗಳಲ್ಲಿ ಅದು ಸೀಳುತ್ತದೆ, ಅಂಚು ಚಕ್ಕೆ ಏಳುತ್ತದೆ. ಚೂಪು ಮೂಲೆಗಳುಳ್ಳ ಹರಳುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ, ಚೊಗರಿನಲ್ಲಿ ಕೈಯಾಡಿಸುವ, ಕೊಟ್ಟಿಗೆ ಮತ್ತು ಅಡುಗೆಮನೆ ಎರಡನ್ನೂ ನಿಭಾಯಿಸುವ ಕೈಗೆ ದಿನವೂ ತೊಡುವ ಉಂಗುರ ಬೇಕಾದರೆ ಗೋಡೆಯ ಕಟ್ಟೇ ಯೋಗ್ಯ. ಸಮಾರಂಭಗಳಲ್ಲಿ ಮಾತ್ರ ತೊಡುವವರಿಗೆ, ಕಚೇರಿಯ ಕೆಲಸದವರಿಗೆ ಕೊಕ್ಕೆಯ ಕಟ್ಟು ಅಡ್ಡಿಯಲ್ಲ. ಈ ಒಂದು ಪ್ರಶ್ನೆಯನ್ನು ಮಾರಾಟಕ್ಕೆ ಮೊದಲೇ ಕೇಳುವುದರಿಂದ ಅನೇಕ ತಕರಾರುಗಳು ಹುಟ್ಟುವುದೇ ಇಲ್ಲ.

ಚಿಕ್ಕ ಹರಳುಗಳನ್ನು ಎರಡು ಗೋಡೆಗಳ ನಡುವೆ ಸಾಲಾಗಿ ಕೂರಿಸುವ ಚಾನೆಲ್, ಮೇಲ್ಮೈ ತುಂಬ ಒತ್ತಾಗಿ ಹರಡುವ ಪಾವೆ, ಏಳು ಚಿಕ್ಕ ಹರಳುಗಳನ್ನು ಗುಂಪಾಗಿ ಕೂರಿಸಿ ದೂರಕ್ಕೆ ಒಂದೇ ದೊಡ್ಡ ಹರಳಿನಂತೆ ತೋರಿಸುವ ಮಾದರಿ, ಇವು ಮೂರನೆಯ ವರ್ಗ. ಅಲ್ಪ ಬೆಲೆಗೆ ಹೆಚ್ಚು ಮಿನುಗು ಬಯಸುವವರಿಗೆ ಇವು ಅನುಕೂಲ. ಆದರೆ ಅರ್ಧ ಕ್ಯಾರಟ್ಟಿನ ಒಂದು ಹರಳಿಗೂ, ಒಟ್ಟು ಅರ್ಧ ಕ್ಯಾರಟ್ ತೂಗುವ ಐವತ್ತು ಹರಳುಗಳಿಗೂ ಬೆಲೆಯಲ್ಲಿ ಅಜಗಜಾಂತರ. ಸಣ್ಣ ಹರಳಿನ ಕ್ಯಾರಟ್ ದರ ಕಡಿಮೆ, ಕೂರಿಸುವ ಮಜೂರಿ ಹೆಚ್ಚು. ಉಂಗುರ ಮರಳಿ ಬಂದಾಗ ಆ ಮಜೂರಿಗೆ ಬೆಲೆ ಕಟ್ಟುವವರಿಲ್ಲ. ಬಳೆಯ ಸುತ್ತಲೂ ಹರಳುಗಳಿದ್ದರೆ ಬೆರಳು ದಪ್ಪವಾದಾಗ ಅಳತೆ ಹಿಗ್ಗಿಸುವುದೂ ಕಷ್ಟ. ಹರಳುಗಳ ಸಂಖ್ಯೆಯನ್ನು ಬರೆಯದೆ ‘ಅರ್ಧ ಕ್ಯಾರಟ್ ವಜ್ರದುಂಗುರ’ ಎಂದಷ್ಟೇ ಬರೆದ ಬಿಲ್ಲು ಸುಳ್ಳಲ್ಲದಿದ್ದರೂ ಪೂರ್ಣ ಸತ್ಯವಲ್ಲ.

ಹಿಂಬದಿ ತೆರೆದಿದೆಯೇ, ಮುಚ್ಚಿದೆಯೇ

ನಮ್ಮ ನಾಡಿನ ಹಳೆಯ ಪದ್ಧತಿ ಮುಚ್ಚಿದ ಕಟ್ಟು. ಹರಳಿನ ಹಿಂಬದಿಯನ್ನು ಚಿನ್ನದಿಂದ ಮುಚ್ಚಿ, ಹೊಳಪಿಗಾಗಿ ಅಡಿಯಲ್ಲಿ ತಗಡಿಟ್ಟು, ಸುತ್ತಲೂ ಅಪರಂಜಿಯ ಕುಂದಣವನ್ನು ಒತ್ತಿ ಕೂರಿಸುವ ಈ ಕೆಲಸದಲ್ಲಿ ಸಾಂಪ್ರದಾಯಿಕ ಅಕ್ಕಸಾಲಿಗರ ಕೈಚಳಕ ಪ್ರಸಿದ್ಧವಾದುದು. ಅಂದ ಮತ್ತು ಪರಂಪರೆಗಳ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ಆದರೆ ಲೆಕ್ಕದ ದೃಷ್ಟಿಯಿಂದ ಮುಚ್ಚಿದ ಕಟ್ಟು ಒಂದು ಮುಚ್ಚಿದ ಪೆಟ್ಟಿಗೆ. ಹರಳಿನ ಆಳ ಕಾಣುವುದಿಲ್ಲ. ತೂಕವನ್ನು ಅಂದಾಜು ಮಾಡಲೂ ಆಗುವುದಿಲ್ಲ. ತೆರೆದ ಕಟ್ಟಿನಲ್ಲಿ ದುಂಡು ಹರಳಿನ ಅಡ್ಡಳತೆ ಮತ್ತು ಆಳವನ್ನು ಅಳೆದು ತೂಕವನ್ನು ಸುಮಾರಾಗಿ ಲೆಕ್ಕ ಹಾಕಬಹುದು. ಸರಿಯಾದ ಪ್ರಮಾಣದಲ್ಲಿ ಕತ್ತರಿಸಿದ ಒಂದು ಕ್ಯಾರಟ್ಟಿನ ದುಂಡು ವಜ್ರದ ಅಡ್ಡಳತೆ ಸುಮಾರು 6.5 ಮಿ.ಮೀ., ಅರ್ಧ ಕ್ಯಾರಟ್ಟಿನದು ಸುಮಾರು 5.2 ಮಿ.ಮೀ. ಮುಚ್ಚಿದ ಕಟ್ಟಿನಲ್ಲಿ ಆಳ ಸಿಗದೆ ಈ ಲೆಕ್ಕ ಕೈಕೊಡುತ್ತದೆ. ವಜ್ರಕ್ಕೆ ಜಿಡ್ಡನ್ನು ಹಿಡಿದುಕೊಳ್ಳುವ ಗುಣವಿದೆ. ಸಂದಿಯಲ್ಲಿ ಎಣ್ಣೆ ಸೇರಿ ಹಿಂಬದಿ ಮಸುಕಾದರೆ ಬಿಚ್ಚದೆ ತೊಳೆಯುವಂತಿಲ್ಲ.

ಇನ್ನೊಂದು ಗಂಭೀರ ವಿಷಯವಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳು ಈಗ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. 2023-24ರ ಕೇಂದ್ರ ಆಯವ್ಯಯದಲ್ಲಿ ಇವುಗಳ ತಯಾರಿಕೆಗೆ ಬೇಕಾದ ಬೀಜಹರಳುಗಳ ಮೇಲಿನ ಆಮದು ಸುಂಕವನ್ನೇ ತೆಗೆದುಹಾಕಲಾಯಿತು. ರಾಸಾಯನಿಕವಾಗಿ ಇವೂ ವಜ್ರಗಳೇ. ಬರಿಗಣ್ಣಿಗೆ ವ್ಯತ್ಯಾಸ ಕಾಣದು. ಬೆಲೆ ಮಾತ್ರ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. ಇವನ್ನು ಮಾರುವುದು ತಪ್ಪಲ್ಲ. ಹೇಳದೆ ಮಾರುವುದು ತಪ್ಪು. ಅಮೆರಿಕದ ಜಿಐಎ ಸಂಸ್ಥೆಯು ಬಿಡಿ ವಜ್ರಗಳಿಗೆ ಮಾತ್ರ ದರ್ಜೆಯ ವರದಿ ನೀಡುತ್ತದೆ, ಕಟ್ಟಿದ ವಜ್ರಗಳಿಗೆ ನೀಡುವುದಿಲ್ಲ. ವರದಿಯ ಸಂಖ್ಯೆಯನ್ನು ಹರಳಿನ ನಡುಅಂಚಿನ ಮೇಲೆ ಲೇಸರ್‌ನಿಂದ ಕೊರೆದಿದ್ದರೆ, ಗೋಡೆಯ ಕಟ್ಟು ಅದನ್ನು ಪೂರ್ತಿಯಾಗಿ ಮರೆಮಾಡುತ್ತದೆ. ಕೊಕ್ಕೆಯೂ ಕೆಲವೊಮ್ಮೆ ಮರೆಮಾಡುವುದುಂಟು. ಆದುದರಿಂದ ಹರಳು ಕೂರಿಸುವ ಮೊದಲೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಆ ಸಂಖ್ಯೆಯನ್ನು ಗ್ರಾಹಕರಿಗೆ ತೋರಿಸಿ, ವರದಿಯೊಡನೆ ತಾಳೆ ನೋಡಿಸಿ, ಸಹಿ ಪಡೆಯುವುದು ಉತ್ತಮ.

ಚಿನ್ನದ ತೂಕ ಬೇರೆ, ಹರಳಿನ ತೂಕ ಬೇರೆ

ಐದು ಕ್ಯಾರಟ್ ಸೇರಿದರೆ ಒಂದು ಗ್ರಾಂ. ಒಂದು ಕ್ಯಾರಟ್ಟೆಂದರೆ 200 ಮಿಲಿಗ್ರಾಂ. ಈ ಸಣ್ಣ ಲೆಕ್ಕದಲ್ಲಿಯೇ ಅನೇಕ ಬಿಲ್ಲುಗಳು ಎಡವುತ್ತವೆ. ಒಂದು ಉಂಗುರದ ಒಟ್ಟು ತೂಕ 4.500 ಗ್ರಾಂ, ಅದರಲ್ಲಿ ಅರ್ಧ ಕ್ಯಾರಟ್ ವಜ್ರವಿದೆ ಎಂದಿಟ್ಟುಕೊಳ್ಳೋಣ. ಹರಳಿನ ತೂಕ 0.100 ಗ್ರಾಂ, ನಿವ್ವಳ ಚಿನ್ನ 4.400 ಗ್ರಾಂ. ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿ, ಹರಳಿಗೆ ಮತ್ತೆ ಬೆಲೆ ಹಿಡಿದರೆ ಗ್ರಾಹಕರು ಒಂದೇ ಹರಳಿಗೆ ಎರಡು ಬಾರಿ ಹಣ ತೆತ್ತಂತೆ. ಗ್ರಾಂಗೆ 10,000 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಹಿಡಿದರೂ ವ್ಯತ್ಯಾಸ 1,000 ರೂಪಾಯಿ. ಅದೇ 4.500 ಗ್ರಾಂನ ಉಂಗುರ ಕುಂದಣದ್ದಾಗಿದ್ದು ಹರಳು, ಅರಗು ಎಲ್ಲ ಸೇರಿ 0.900 ಗ್ರಾಂ ಇದ್ದರೆ ವ್ಯತ್ಯಾಸ 9,000 ರೂಪಾಯಿಗೆ ಏರುತ್ತದೆ. ಕಟ್ಟು ಬದಲಾದಂತೆ ತೂಕದ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಈ ಭಾಗದ ಜನರಿಗೆ ಇದನ್ನು ವಿವರಿಸುವುದು ಕಷ್ಟವೇನಲ್ಲ. ಶಿರಸಿಯ ಮಾರುಕಟ್ಟೆಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾಗಳನ್ನು ಒಂದೇ ಚೀಲದಲ್ಲಿ ತೂಗಿ ಒಂದೇ ದರಕ್ಕೆ ಮಾರಿದವರಿಲ್ಲ. ಪ್ರತಿಯೊಂದಕ್ಕೂ ಬೇರೆ ರಾಶಿ, ಬೇರೆ ಟೆಂಡರು, ಬೇರೆ ಪಟ್ಟಿ. ಇದೇ ಮೂರು ತಾಲ್ಲೂಕುಗಳಲ್ಲಿ ಬೆಳೆಯುವ ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತದ್ದೂ ಗುಣವನ್ನು ಹೆಸರಿಟ್ಟು ಗುರುತಿಸಿದ್ದರಿಂದಲೇ. ತನ್ನ ಅಡಿಕೆಯನ್ನು ವಿಂಗಡಿಸಿ ತೂಗಿಸಿಕೊಳ್ಳುವ ಬೆಳೆಗಾರ, ಆ ಹಣದಿಂದ ಕೊಂಡ ಉಂಗುರವನ್ನು ಮಾತ್ರ ವಿಂಗಡಿಸದೆ ತೂಗಿಸಿಕೊಳ್ಳಬೇಕೇಕೆ?

ಕಷ್ಟಕಾಲದಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಕೊಳೆರೋಗದಿಂದ ಫಸಲು ಕೈಕೊಟ್ಟ ವರ್ಷ ಮನೆಯ ಆಭರಣ ಬ್ಯಾಂಕಿಗೆ ಹೋಗುತ್ತದೆ. ಚಿನ್ನ, ಬೆಳ್ಳಿಗಳ ಅಡವಿನ ಮೇಲಿನ ಸಾಲಕ್ಕೆ ಸಂಬಂಧಿಸಿ ಭಾರತೀಯ ರಿಸರ್ವ್ ಬ್ಯಾಂಕು 2025ರ ಜೂನ್ ತಿಂಗಳಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ ಆಭರಣದಲ್ಲಿರುವ ಚಿನ್ನದ ಅಂಶಕ್ಕೆ ಮಾತ್ರ ಬೆಲೆ ಕಟ್ಟಬೇಕು. ಹರಳಿಗೆ ಬೆಲೆಯಿಲ್ಲ, ಮಜೂರಿಗೂ ಇಲ್ಲ. ಹರಳು, ಅರಗು ಮುಂತಾದವುಗಳಿಗಾಗಿ ಕಳೆದ ತೂಕವನ್ನು ಸಾಲಗಾರರಿಗೆ ಬರೆದುಕೊಡಬೇಕು. ಅಂಗಡಿಯ ಬಿಲ್ಲಿನಲ್ಲಿ ನಿವ್ವಳ ತೂಕ ಸ್ಪಷ್ಟವಾಗಿದ್ದರೆ ಬ್ಯಾಂಕಿನ ಮುಂದೆ ಆಶ್ಚರ್ಯಪಡುವ ಪ್ರಸಂಗವಿಲ್ಲ. ಇಲ್ಲವಾದರೆ ಮೊದಲು ಮುರಿಯುವುದು ವರ್ತಕರ ಮೇಲಿನ ನಂಬಿಕೆ.

ಹಾಲ್‌ಮಾರ್ಕ್ ಹೇಳುವುದೆಷ್ಟು

ಚಿನ್ನಾಭರಣಗಳಿಗೆ ಕಡ್ಡಾಯ ಹಾಲ್‌ಮಾರ್ಕ್ 2021ರ ಜೂನ್‌ನಿಂದ ಅಧಿಸೂಚಿತ ಜಿಲ್ಲೆಗಳಲ್ಲಿ ಹಂತ ಹಂತವಾಗಿ ಜಾರಿಗೆ ಬಂದಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರಾಂಕಗಳ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಆಭರಣ ಮಾರುವಂತಿಲ್ಲ. ಆ ಸಂಖ್ಯೆಯನ್ನು ಯಾರು ಬೇಕಾದರೂ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಹಾಲ್‌ಮಾರ್ಕ್ ಆಭರಣದ ಬಿಲ್ಲಿನಲ್ಲಿ ವಸ್ತುವಿನ ವಿವರ, ಅಮೂಲ್ಯ ಲೋಹದ ನಿವ್ವಳ ತೂಕ, ಶುದ್ಧತೆ ಮತ್ತು ಹಾಲ್‌ಮಾರ್ಕ್ ಶುಲ್ಕಗಳನ್ನು ಪ್ರತ್ಯೇಕವಾಗಿ ತೋರಿಸಬೇಕೆಂಬ ನಿಯಮವೂ ಇದೆ. ಆದರೆ ವರ್ತಕರೂ ಗ್ರಾಹಕರೂ ಮರೆಯಬಾರದ ಎರಡು ಸಂಗತಿಗಳಿವೆ. ಮೊದಲನೆಯದಾಗಿ, ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ. ಹರಳಿನ ಬಗ್ಗೆಯಾಗಲಿ ಕಟ್ಟಿನ ಭದ್ರತೆಯ ಬಗ್ಗೆಯಾಗಲಿ ಅದು ಏನನ್ನೂ ಹೇಳುವುದಿಲ್ಲ. ಎರಡನೆಯದಾಗಿ, ಕುಂದಣ, ಪೋಲ್ಕಿ, ಜಡಾವು ಆಭರಣಗಳಿಗೆ, ಎರಡು ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳಿಗೆ, ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ವರ್ತಕರಿಗೆ ಕಡ್ಡಾಯದಿಂದ ವಿನಾಯಿತಿಯಿದೆ. ಅಂದರೆ ಕಟ್ಟಿನ ಆಯ್ಕೆಯೇ ಉಂಗುರಕ್ಕೆ ಸರಕಾರಿ ಮುದ್ರೆ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬಹುದು. ಮುದ್ರೆಯಿಲ್ಲದ ಕಡೆ ಬಿಲ್ಲಿನ ಬರಹವೇ ಏಕೈಕ ಆಧಾರ. ವಿನಾಯಿತಿ ದೊರೆತಲ್ಲಿ ವರ್ತಕರ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಶುದ್ಧತೆಗೂ ಕಟ್ಟಿಗೂ ನೇರ ಸಂಬಂಧವಿದೆ. 22 ಕ್ಯಾರಟ್ ಚಿನ್ನ ಮೃದು. ಅದರ ತೆಳು ಕೊಕ್ಕೆ ಬೇಗ ಬಾಗುತ್ತದೆ. ಕೊಕ್ಕೆಯ ಕಟ್ಟಿಗೆ ಶೇ. 75ರಷ್ಟು ಚಿನ್ನವಿರುವ 18 ಕ್ಯಾರಟ್ ಬಳಸುವುದು ಮೋಸಕ್ಕಲ್ಲ, ಗಟ್ಟಿತನಕ್ಕೆ. ‘ಹದಿನೆಂಟು ಎಂದರೆ ಕಲಬೆರಕೆ’ ಎಂಬ ಭಾವನೆ ಈ ಭಾಗದಲ್ಲಿ ಬಲವಾಗಿದೆ. ಅದನ್ನು ತಿಳಿಹೇಳಿ ಹೋಗಲಾಡಿಸಬೇಕು. 22 ಕ್ಯಾರಟ್ಟೇ ಬೇಕೆನ್ನುವವರಿಗೆ ಗೋಡೆಯ ಕಟ್ಟನ್ನು ಸೂಚಿಸಬಹುದು. ಯಾವುದಾದರೂ ಸರಿ, 18ಕ್ಕೆ 22ರ ದರ ಬೀಳಬಾರದು. ಮರಳಿ ಕೊಳ್ಳುವ ದರ ಯಾವುದೆಂದು ಬಿಲ್ಲಿನಲ್ಲಿಯೇ ಇರಬೇಕು.

ದಾಸ್ತಾನು ಮತ್ತು ದುರಸ್ತಿ

ಅಂಗಡಿಯ ಒಳಗಿನ ಲೆಕ್ಕಕ್ಕೂ ಇದೇ ಶಿಸ್ತು ಅಗತ್ಯ. ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಎಎಸ್–2 ಮಾನದಂಡದ ಪ್ರಕಾರ, ಒಂದರ ಬದಲು ಇನ್ನೊಂದನ್ನು ಇಡಲಾಗದ ವಸ್ತುಗಳಿಗೆ ಅದರದರ ನಿರ್ದಿಷ್ಟ ವೆಚ್ಚವನ್ನೇ ಹಿಡಿಯಬೇಕು. ಚಿನ್ನದ ಗಟ್ಟಿಗೆ ಸರಾಸರಿ ದರ ಸಲ್ಲುತ್ತದೆ. ಪ್ರತ್ಯೇಕ ವರದಿಯುಳ್ಳ ವಜ್ರಕ್ಕೆ ಸಲ್ಲುವುದಿಲ್ಲ. ಪ್ರತಿ ಉಂಗುರಕ್ಕೂ ಒಂದು ಚೀಟಿ, ಚೀಟಿಯಲ್ಲಿ ಒಟ್ಟು ತೂಕ, ನಿವ್ವಳ ತೂಕ, ಹರಳಿನ ಸಂಖ್ಯೆ, ಕ್ಯಾರಟ್, ಕಟ್ಟಿನ ಹೆಸರು ಇದ್ದರೆ ವರ್ಷಾಂತ್ಯದ ದಾಸ್ತಾನು ಪಟ್ಟಿ ಒಂದೇ ದಿನದಲ್ಲಿ ಸಿದ್ಧವಾಗುತ್ತದೆ. ಸಿದ್ಧ ಆಭರಣದ ಮಾರಾಟಕ್ಕೆ ಶೇ. 3ರ ಜಿಎಸ್‌ಟಿ, ನೋಂದಾಯಿತ ವರ್ತಕರ ಚಿನ್ನಕ್ಕೆ ನೋಂದಾಯಿತ ಅಕ್ಕಸಾಲಿಗರು ಮಾಡಿಕೊಡುವ ಆಭರಣದ ಜಾಬ್ ವರ್ಕ್‌ಗೆ ಶೇ. 5. ಹೊರಗಡೆ ಕಟ್ಟಲು ಕಳುಹಿಸಿದ ಹರಳು, ಚಿನ್ನಗಳಿಗೆ ಚಲನ್ ಇಲ್ಲದಿದ್ದರೆ ತೆರಿಗೆಯ ತೊಂದರೆಗಿಂತಲೂ ಮೊದಲು ಪರಸ್ಪರ ಅಪನಂಬಿಕೆಯ ತೊಂದರೆ ಬರುತ್ತದೆ.

ದುರಸ್ತಿಯಂತೂ ಈ ಮೂರು ಪಟ್ಟಣಗಳ ವರ್ತಕರ ಕೈಯಲ್ಲಿರುವ ದೊಡ್ಡ ಬಂಡವಾಳ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ.; ಅಲ್ಲಿಯ ದೊಡ್ಡ ಮಳಿಗೆಯಲ್ಲಿ ಕೊಂಡ ಉಂಗುರದ ಕೊಕ್ಕೆ ಸಡಿಲವಾದರೆ ಒಂದು ದಿನ ಹಾಳು. ಹಳ್ಳಿಯಿಂದ ಬಸ್ಸಿಳಿದು ಬಂದವರಿಗೆ ಅರ್ಧ ಗಂಟೆಯಲ್ಲಿ ಕೊಕ್ಕೆ ಬಿಗಿದುಕೊಡುವ ಅಕ್ಕಸಾಲಿಗರು ಇಲ್ಲಿಯೇ ಇದ್ದರೆ ಆ ಗ್ರಾಹಕರು ಬೇರೆಡೆ ಹೋಗುವುದಿಲ್ಲ. ಮಳೆಗಾಲ ಮುಗಿದು ಮದುವೆಯ ಕಾಲ ಆರಂಭವಾಗುವ ಮುನ್ನ ವರ್ಷಕ್ಕೊಮ್ಮೆ ಉಚಿತವಾಗಿ ಕಟ್ಟು ಪರೀಕ್ಷಿಸಿಕೊಡುವ ಪದ್ಧತಿಯನ್ನು ಪ್ರತಿ ಅಂಗಡಿಯೂ ಇಟ್ಟುಕೊಳ್ಳಬಹುದು. ದುರಸ್ತಿಗೆ ಪಡೆದಾಗ ತೂಕ ಮತ್ತು ಹರಳುಗಳ ಸಂಖ್ಯೆ ಬರೆದ ಚೀಟಿ ಕೊಡುವುದು, ಹಿಂತಿರುಗಿಸುವಾಗ ಎರಡನ್ನೂ ಗ್ರಾಹಕರ ಎದುರೇ ತೋರಿಸುವುದು ಇಬ್ಬರಿಗೂ ಕ್ಷೇಮ.

ಆಕ್ಷೇಪಗಳಿಗೆ ಉತ್ತರ

ಇಷ್ಟೆಲ್ಲ ಬಿಡಿಸಿ ಬರೆದರೆ ಗ್ರಾಹಕರು ಪ್ರತಿಯೊಂದಕ್ಕೂ ಚೌಕಾಸಿ ಮಾಡುತ್ತಾರೆ, ಲಾಭಾಂಶ ಬಯಲಾಗುತ್ತದೆ ಎಂಬ ಆಕ್ಷೇಪ ವರ್ತಕ ವಲಯದಲ್ಲಿ ಕೇಳಿಬರುತ್ತದೆ. ಈ ಆತಂಕ ಆಧಾರರಹಿತವಲ್ಲ. ಆದರೆ ತೂಕದ ಮರೆಯಲ್ಲಿ ಬಚ್ಚಿಟ್ಟ ಲಾಭ ಉಂಗುರ ಮರಳಿ ಬರುವ ದಿನ ಬಯಲಾಗಿಯೇ ತೀರುತ್ತದೆ. ಅಂದು ಲಾಭದ ಜೊತೆಗೆ ಗ್ರಾಹಕರೂ ಹೋಗುತ್ತಾರೆ. ಕಟ್ಟಿನ ಮಜೂರಿಯನ್ನು ಮಜೂರಿಯೆಂದೇ ಹೇಳಿ ಪಡೆಯುವುದರಲ್ಲಿ ಸಂಕೋಚವೇಕೆ? ಒಳ್ಳೆಯ ಕೆಲಸಕ್ಕೆ ಕೂಲಿ ಕೊಡಲು ಮಲೆನಾಡಿನ ಜನ ಹಿಂಜರಿದವರಲ್ಲ.

ಹರಳು ಕೂರಿಸುವ ಕುಶಲಿಗಳೇ ಸಿಗುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಮೇಣದ ಅಚ್ಚಿನಲ್ಲಿಯೇ ಹರಳಿಟ್ಟು ಎರಕ ಹೊಯ್ಯುವ ಕಾರ್ಖಾನೆಯ ಮಾಲು ಬಂದ ಮೇಲೆ ದೈವಜ್ಞ ಸಮಾಜದ ಅಕ್ಕಸಾಲಿಗರಿಗೆ ಕೆಲಸ ತಗ್ಗಿದೆ; ಮುಂದಿನ ತಲೆಮಾರು ಬೇರೆ ವೃತ್ತಿಗೆ ಹೊರಳಿದೆ. ಆದರೆ ದಾರಿ ಪೂರ್ತಿ ಮುಚ್ಚಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗ ವೃತ್ತಿಯೂ ಸೇರಿದ್ದು, ತರಬೇತಿ, ಸಲಕರಣೆಗಳಿಗೆ 15,000 ರೂಪಾಯಿ, ಎರಡು ಕಂತುಗಳಲ್ಲಿ ಶೇ. 5ರ ಬಡ್ಡಿಗೆ 3 ಲಕ್ಷ ರೂಪಾಯಿಯವರೆಗೆ ಸಾಲದ ಅವಕಾಶ ಅದರಲ್ಲಿದೆ. ಒಬ್ಬೊಬ್ಬ ವರ್ತಕರಿಗೆ ಒಬ್ಬ ಪೂರ್ಣಾವಧಿ ಕುಶಲಿ ಭಾರವಾಗಬಹುದು; ಮೂರು ಪಟ್ಟಣಗಳ ವರ್ತಕರು ಸೇರಿ ಕೆಲವರಿಗೆ ವರ್ಷವಿಡೀ ಕೆಲಸ ಒದಗಿಸುವುದು ಭಾರವಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಗಾರರು ಕೂಡಿ ಸಹಕಾರಿ ಮಾರಾಟ ಸಂಘ ಕಟ್ಟಿದ ನೆಲವಿದು. ಒಟ್ಟಾಗಿ ಮಾಡುವುದನ್ನು ಇಲ್ಲಿ ಹೊಸದಾಗಿ ಕಲಿಸಬೇಕಾಗಿಲ್ಲ.

ಮುಂದಿನ ಖರೀದಿಯ ಕಾಲಕ್ಕೆ ಮೊದಲು ಮೂರು ತಾಲ್ಲೂಕುಗಳ ಆಭರಣ ವರ್ತಕರು ಒಂದು ಸಮಾನ ಬಿಲ್ಲಿನ ನಮೂನೆಯನ್ನು ಒಪ್ಪಿಕೊಳ್ಳುವುದು ಸೂಕ್ತ. ನಿವ್ವಳ ಚಿನ್ನ ಮತ್ತು ಶುದ್ಧತೆ. ಹರಳುಗಳ ಸಂಖ್ಯೆ, ಕ್ಯಾರಟ್, ಗಣಿಯದೋ ಪ್ರಯೋಗಾಲಯದ್ದೋ ಎಂಬ ಉಲ್ಲೇಖ. ಕಟ್ಟಿನ ಹೆಸರು ಮತ್ತು ಮಜೂರಿ. ಪಾಲನೆ ಹಾಗೂ ಮರುಖರೀದಿಯ ಷರತ್ತು. ನಾಲ್ಕೇ ಸಾಲು ಸಾಕು. ಇದಕ್ಕೆ ಹೊಸ ಕಾನೂನು ಬೇಡ, ಹೆಚ್ಚಿನ ಬಂಡವಾಳವೂ ಬೇಡ. ಉಂಗುರದಲ್ಲಿ ಹರಳನ್ನು ಹಿಡಿಯುವುದು ಕಟ್ಟು. ಅಂಗಡಿಗೆ ಗ್ರಾಹಕರನ್ನು ಹಿಡಿದಿಡುವುದು ಈ ನಾಲ್ಕು ಸಾಲಿನ ಬರಹ.